ಪತ್ರವೂ ವಿಳಾಸಪಟ್ಟಿಯೂ

ಒಂದೇ ಸಂಗತಿಯನ್ನು ನೂರಾರು ಜನರಿಗೆ, ಆದರೆ ಒಬ್ಬೊಬ್ಬರಿಗೂ ಅವರವರ ಹೆಸರು ಹಿಡಿದು ತಿಳಿಸಬೇಕಾದ ಸಂದರ್ಭವು ಶಾಲೆ, ಬ್ಯಾಂಕು, ಸಹಕಾರ ಸಂಘ, ಪಂಚಾಯಿತಿ ಮೊದಲಾದ ಎಲ್ಲ ಕಚೇರಿಗಳಿಗೂ ಆಗಾಗ ಒದಗುತ್ತದೆ. ಗಣಕಯಂತ್ರವು ಬರುವುದಕ್ಕೆ ಮುಂಚೆ ಈ ಕೆಲಸವನ್ನು ಸೈಕ್ಲೋಸ್ಟೈಲ್ ಯಂತ್ರವೂ ಗುಮಾಸ್ತರ ಲೇಖನಿಯೂ ಹಂಚಿಕೊಂಡಿದ್ದವು. ಮೇಣದ ಹಾಳೆಯ ಮೇಲೆ ಬೆರಳಚ್ಚು ಮಾಡಿದ ಸುತ್ತೋಲೆಯಲ್ಲಿ ‘ಶ್ರೀ’ ಎಂಬುದರ ಮುಂದೆ ಚುಕ್ಕಿಗಳ ಒಂದು ಸಾಲು ಇರುತ್ತಿತ್ತು. ಪ್ರತಿಗಳೆಲ್ಲ ಸಿದ್ಧವಾದ ಮೇಲೆ ಗುಮಾಸ್ತರು ದಾಖಲಾತಿ ಪುಸ್ತಕವನ್ನು ಮಗ್ಗುಲಲ್ಲಿ ತೆರೆದಿಟ್ಟುಕೊಂಡು ಆ ಚುಕ್ಕಿಗಳ ಮೇಲೆ ಒಂದೊಂದೇ ಹೆಸರನ್ನು ತುಂಬುತ್ತಿದ್ದರು. ಕೆಲಸ ನಿಧಾನವಾದರೂ ಅದರಲ್ಲೊಂದು ಭದ್ರತೆ ಇತ್ತು. ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದರೆ ಲೇಖನಿ ಅಲ್ಲಿ ತಾನಾಗಿಯೇ ತಡೆಯುತ್ತಿತ್ತು. ದಿನಾಂಕ ಅಸಂಬದ್ಧವಾಗಿ ಕಂಡರೆ ಗುಮಾಸ್ತರು ಎದ್ದು ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿ ಬರುತ್ತಿದ್ದರು.

ಹೆಸರುಗಳನ್ನು ತುಂಬುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಕ್ರಮೇಣ ನಡೆಯಿತು. 1964ರಲ್ಲಿ ಐ.ಬಿ.ಎಂ. ಸಂಸ್ಥೆಯು ಕಾಂತೀಯ ಟೇಪನ್ನು ಅಳವಡಿಸಿದ ಬೆರಳಚ್ಚು ಯಂತ್ರವನ್ನು ಹೊರತಂದಿತು. ಎರಡು ಟೇಪುಗಳಿದ್ದ ಮಾದರಿಯಲ್ಲಿ ಒಂದರಿಂದ ಪತ್ರದ ಒಕ್ಕಣೆಯನ್ನೂ ಇನ್ನೊಂದರಿಂದ ವಿಳಾಸಗಳನ್ನೂ ತೆಗೆದುಕೊಂಡು ಒಂದೇ ಕಾಗದದ ಮೇಲೆ ಮೂಡಿಸಬಹುದಾಗಿತ್ತು. 1978ರಲ್ಲಿ ಮೈಕ್ರೋಪ್ರೊ ಸಂಸ್ಥೆಯಿಂದ ಬಂದ ವರ್ಡ್‌ಸ್ಟಾರ್ ಎಂಬ ಪದಸಂಸ್ಕರಣ ತಂತ್ರಾಂಶಕ್ಕೆ ಕೆಲಕಾಲದ ಮೇಲೆ ‘ಮೇಲ್‌ಮರ್ಜ್’ ಎಂಬ ಉಪಾಂಗವೊಂದು ಸೇರಿತು. ಈ ವಿಧಾನಕ್ಕೆ ಇಂದು ರೂಢಿಯಲ್ಲಿರುವ ಹೆಸರೂ ಅದೇ. ಅದರಲ್ಲಿ ಹೆಸರು, ಬೀದಿ, ಊರು ಇವುಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆದಿಡಬೇಕಾಗಿತ್ತು. ಬೀದಿಯ ಹೆಸರಿನೊಳಗೇ ಒಂದು ಅಲ್ಪವಿರಾಮ ನುಸುಳಿದರೆ ಯಂತ್ರವು ಅದನ್ನೂ ಗಡಿಗಲ್ಲೆಂದೇ ತಿಳಿಯುತ್ತಿತ್ತು. ಊರಿನ ಜಾಗಕ್ಕೆ ಬೀದಿಯ ಉಳಿದರ್ಧ ಬಂದು ಕುಳಿತುಕೊಳ್ಳುತ್ತಿತ್ತು. ಅಂಥ ಭಾಗವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುವುದೇ ಪರಿಹಾರ. ಅಲ್ಪವಿರಾಮದ ಪಟ್ಟಿಗಳನ್ನು ಬಳಸುವವರು ಇಂದಿಗೂ ಇದೇ ಎಚ್ಚರಿಕೆಯನ್ನು ವಹಿಸಬೇಕಾಗಿದೆ.

ಇಂದು ಕಚೇರಿಗಳಲ್ಲಿ ಪತ್ರವನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿಯೂ ಪಟ್ಟಿಯನ್ನು ಎಕ್ಸೆಲ್‌ನಲ್ಲಿಯೂ ಸಿದ್ಧಪಡಿಸುವುದು ಸಾಮಾನ್ಯ. ಇಲ್ಲಿ ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದ ಅಂಶವೊಂದುಂಟು. ಪಟ್ಟಿಯು ಪತ್ರದೊಳಗೆ ಇರುವುದಿಲ್ಲ. ಪತ್ರದೊಳಗೆ ಇರುವುದು ಪಟ್ಟಿ ಎಲ್ಲಿದೆ ಎಂಬ ನೆನಪು, ಅದರ ಯಾವ ಹಾಳೆಯನ್ನು ಓದಬೇಕೆಂಬ ಸೂಚನೆ, ಮತ್ತು ಯಾವ ಕಂಬಸಾಲಿನ ವಿವರ ಎಲ್ಲಿಗೆ ಬರಬೇಕೆಂದು ತೋರಿಸುವ ಗುರುತುಗಳು, ಇಷ್ಟೇ. ನೂರಾರು ವಿಳಾಸಗಳಿಗೆ ಹೊರಟ ಪತ್ರವು ತಾನೇ ಒಂದು ವಿಳಾಸವನ್ನು ನೆಚ್ಚಿ ನಿಂತಿದೆ. ಮೇಲ್ ಮರ್ಜ್‌ನಲ್ಲಿ ತಲೆದೋರುವ ತೊಂದರೆಗಳಲ್ಲಿ ಬಹುಪಾಲು ಈ ನಂಟಿನಲ್ಲಿಯೇ ಹುಟ್ಟುತ್ತವೆ. ಪತ್ರದ ಒಕ್ಕಣೆಯಲ್ಲಿ ಅಲ್ಲ.

ಒಂದು ಪ್ರೌಢಶಾಲೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹತ್ತನೆಯ ತರಗತಿಯಲ್ಲಿ 180 ವಿದ್ಯಾರ್ಥಿಗಳಿದ್ದಾರೆ. ಪೋಷಕರ ಸಭೆಯನ್ನು ವಿಭಾಗಕ್ಕೊಂದು ದಿನದಂತೆ ಗೊತ್ತುಮಾಡಲಾಗಿದೆ. ಹೆಸರು, ವಿಳಾಸ, ದೂರವಾಣಿ, ಸಭೆಯ ದಿನಾಂಕ ಇವುಗಳೆಲ್ಲ ಎಕ್ಸೆಲ್ ಪಟ್ಟಿಯಲ್ಲಿವೆ. ಗುಮಾಸ್ತರು ಪತ್ರವನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮುಖ್ಯೋಪಾಧ್ಯಾಯರ ಕೊಠಡಿಯ ಗಣಕದಲ್ಲಿ ತೆರೆಯುತ್ತಾರೆ. ದತ್ತಾಂಶದ ಮೂಲ ಸಿಗಲಿಲ್ಲವೆಂಬ ಸೂಚನೆ ತೆರೆಯ ಮೇಲೆ ಮೂಡುತ್ತದೆ. ಇದು ಸಹಜವೇ. ಪತ್ರವು ನೆನಪಿಟ್ಟುಕೊಂಡಿರುವುದು ಮೊದಲ ಗಣಕದ ಒಂದು ಫೋಲ್ಡರನ್ನು. ಆ ಫೋಲ್ಡರು ಎರಡನೆಯ ಗಣಕದಲ್ಲಿ ಇಲ್ಲ. ಕಡತದ ಹೆಸರನ್ನು ಬದಲಾಯಿಸಿದರೂ, ಫೋಲ್ಡರನ್ನು ಬೇರೆಡೆಗೆ ಸರಿಸಿದರೂ ಇದೇ ಫಲ. ಜಾಲದಲ್ಲಿ ಹಂಚಿಕೊಂಡ ಡ್ರೈವ್ ಒಂದು ಗಣಕದಲ್ಲಿ ಒಂದು ಅಕ್ಷರದಿಂದಲೂ ಇನ್ನೊಂದರಲ್ಲಿ ಬೇರೊಂದು ಅಕ್ಷರದಿಂದಲೂ ಗುರುತಿಸಲ್ಪಟ್ಟಿದ್ದರೆ ಪಟ್ಟಿ ಕಣ್ಣೆದುರಿಗಿದ್ದೂ ಪತ್ರಕ್ಕೆ ಸಿಗುವುದಿಲ್ಲ.

ಇಂಥ ಸಮಯದಲ್ಲಿ ಪತ್ರವೇ ಕೆಟ್ಟಿತೆಂದು ಭಾವಿಸಿ ಮೊದಲಿನಿಂದ ಟೈಪು ಮಾಡಲು ಕೂರುವವರು ಅನೇಕರು. ಅದು ವ್ಯರ್ಥ ಶ್ರಮ. ಸೂಚನೆಯಲ್ಲಿಯೇ ದತ್ತಾಂಶದ ಮೂಲವನ್ನು ಹುಡುಕುವ ಗುಂಡಿ ಇರುತ್ತದೆ. ಇಲ್ಲವಾದರೆ ‘ಮೇಲಿಂಗ್ಸ್’ ವಿಭಾಗದಲ್ಲಿ ‘ಸೆಲೆಕ್ಟ್ ರೆಸಿಪಿಯೆಂಟ್ಸ್’ ಎಂಬುದನ್ನು ಒತ್ತಿ, ಈಗಾಗಲೇ ಇರುವ ಪಟ್ಟಿಯನ್ನು ಬಳಸುವುದಾಗಿ ಹೇಳಿ, ಅದು ಈಗ ಇರುವ ಜಾಗವನ್ನು ತೋರಿಸಿಕೊಟ್ಟರೆ ಸಾಕು. ಗುರುತುಗಳು ಪತ್ರದಲ್ಲಿ ಹಾಗೆಯೇ ಉಳಿದಿರುತ್ತವೆ.

ಪತ್ರವನ್ನು ತೆರೆಯುವಾಗ ವರ್ಡ್ ಇನ್ನೊಂದು ಪ್ರಶ್ನೆಯನ್ನೂ ಕೇಳುವುದುಂಟು: ಈ ಕಡತವನ್ನು ತೆರೆದರೆ ಇಂಥ ಆಜ್ಞೆಯೊಂದು ನಡೆಯುತ್ತದೆ, ಮುಂದುವರಿಯಬೇಕೆ? ಆಜ್ಞೆಯ ಒಕ್ಕಣೆ ಎಸ್.ಕ್ಯು.ಎಲ್. ಎಂಬ ಗಣಕ ಭಾಷೆಯಲ್ಲಿ ಇರುವುದರಿಂದ ಓದಿದವರಿಗೆ ಗಾಬರಿಯಾಗುವುದು ಸ್ವಾಭಾವಿಕ. ಗಾಬರಿಯಿಂದ ‘ಇಲ್ಲ’ ಎಂದರೆ ಪತ್ರ ತೆರೆದುಕೊಳ್ಳುತ್ತದೆ, ಆದರೆ ಪಟ್ಟಿಯ ನಂಟು ಕಡಿದಿರುತ್ತದೆ. ಪತ್ರವೊಂದು ತೆರೆದ ಕೂಡಲೇ ಕೇಳದೆ ಕೇಳಿಸದೆ ಬೇರೊಂದು ಕಡತದೊಳಕ್ಕೆ ಕೈಹಾಕಬಾರದೆಂಬುದೇ ಈ ಪ್ರಶ್ನೆಯ ಉದ್ದೇಶ. ತಾವೇ ಸಿದ್ಧಪಡಿಸಿದ ಪತ್ರಕ್ಕೆ ‘ಹೌದು’ ಎನ್ನಬಹುದು. ಅಪರಿಚಿತರಿಂದ ಬಂದ ಪತ್ರಕ್ಕೆ ‘ಇಲ್ಲ’ ಎನ್ನುವುದೇ ವಿವೇಕ.

ಪಟ್ಟಿ ಸಿಕ್ಕ ಮೇಲೆ ಅದರ ರೂಪ ಸರಿಯಾಗಿರಬೇಕು. ಮೊದಲ ಅಡ್ಡಸಾಲಿನಲ್ಲಿ ಕಂಬಸಾಲುಗಳ ಶೀರ್ಷಿಕೆಗಳಿರಬೇಕೆಂಬುದು ವರ್ಡ್‌ನ ನಿರೀಕ್ಷೆ. ಕಚೇರಿಗಳಲ್ಲಿ ಅಲಂಕಾರಪ್ರಿಯತೆ ಹೆಚ್ಚು. ಮೇಲೆ ಶಾಲೆಯ ಹೆಸರು, ಅದರ ಕೆಳಗೆ ಶೈಕ್ಷಣಿಕ ವರ್ಷ, ಒಂದು ಖಾಲಿ ಸಾಲು, ಆಮೇಲೆ ಶೀರ್ಷಿಕೆಗಳು! ಓದುವ ಯಂತ್ರವು ಶಾಲೆಯ ಹೆಸರನ್ನೇ ಮೊದಲ ಶೀರ್ಷಿಕೆಯೆಂದು ಹಿಡಿದು, ಉಳಿದ ಕಂಬಸಾಲುಗಳಿಗೆ ಎಫ್2, ಎಫ್3 ಎಂದು ತಾನೇ ಹೆಸರಿಡುತ್ತದೆ. ಪಟ್ಟಿಯ ಶೃಂಗಾರವನ್ನು ತೆಗೆದುಹಾಕಿದರೆ ಈ ದೋಷ ಹೋಗುತ್ತದೆ. ‘ಪೋಷಕರ ಹೆಸರು’ ಎಂದಿದ್ದ ಶೀರ್ಷಿಕೆಯನ್ನು ನಡುವೆ ಯಾರೋ ‘ತಂದೆಯ ಹೆಸರು’ ಎಂದು ತಿದ್ದಿದರೆ ಪತ್ರದಲ್ಲಿರುವ ಹಳೆಯ ಗುರುತು ಅನಾಥವಾಗುತ್ತದೆ. ಆಗ ವರ್ಡ್ ಅದನ್ನು ಎತ್ತಿ ತೋರಿಸಿ, ಅದಕ್ಕೆ ಬದಲಾಗಿ ಯಾವ ಕಂಬಸಾಲನ್ನು ಓದಬೇಕೆಂದು ಕೇಳುತ್ತದೆ.

ಲಿಬ್ರೆಆಫೀಸ್ ಬಳಸುವವರಿಗೂ ತೊಂದರೆಯ ಮೂಲ ಇದೇ. ಅಲ್ಲಿ ಪಟ್ಟಿಯನ್ನು ಒಂದು ಹೆಸರಿನಲ್ಲಿ ಮೊದಲು ನೋಂದಾಯಿಸಬೇಕು. ಗುರುತುಗಳು ಆ ಹೆಸರನ್ನು ಹಿಡಿದೇ ನಡೆಯುತ್ತವೆ. ಹೆಸರು ಬದಲಾದರೆ ದತ್ತಾಂಶವನ್ನು ವಿನಿಮಯ ಮಾಡುವ ಆಜ್ಞೆಯಿಂದ ಹೊಸ ಹೆಸರಿಗೆ ಅವುಗಳನ್ನು ಜೋಡಿಸಬಹುದು.

ಇಷ್ಟು ಹೊತ್ತು ಹೇಳಿದವು ಕೂಗಿ ಹೇಳುವ ದೋಷಗಳು. ಕೆಲಸ ನಿಲ್ಲುತ್ತದೆ, ಸೂಚನೆ ಬರುತ್ತದೆ, ಮನುಷ್ಯನು ಎಚ್ಚರಗೊಳ್ಳುತ್ತಾನೆ. ಯಾವ ಸೂಚನೆಯನ್ನೂ ಕೊಡದೆ ಪತ್ರದೊಳಕ್ಕೆ ಇಳಿಯುವ ದೋಷಗಳು ಇವುಗಳಿಗಿಂತ ಕೆಟ್ಟವು. ಅವುಗಳ ಕಾರಣವನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು.

ವರ್ಡ್‌ನ ಹಳೆಯ ಆವೃತ್ತಿಗಳು ಪಟ್ಟಿಯನ್ನು ಓದಬೇಕಾದಾಗ ಎಕ್ಸೆಲ್ ಅನ್ನೇ ತೆರೆಯಿಸಿ, ಅದು ತೆರೆಯ ಮೇಲೆ ತೋರಿಸಿದ್ದನ್ನು ಹಾಗೆಯೇ ತೆಗೆದುಕೊಳ್ಳುತ್ತಿದ್ದವು. ವರ್ಡ್ 2002ರಿಂದ ಈಚೆಗೆ ಓ.ಎಲ್.ಇ. ಡಿ.ಬಿ. ಎಂಬ ಬೇರೊಂದು ವಿಧಾನ ವಾಡಿಕೆಗೆ ಬಂದಿತು. ಇದು ಕಡತದ ಒಳಗಿರುವ ಮೂಲ ಬೆಲೆಯನ್ನು ಓದುತ್ತದೆಯೇ ಹೊರತು ಅದರ ಹೊರತೋರಿಕೆಯನ್ನಲ್ಲ. ಮೈಸೂರಿನ ದೂರವಾಣಿ ಸಂಕೇತ 0821. ಎಕ್ಸೆಲ್ ಅದನ್ನು ಸಂಖ್ಯೆಯೆಂದು ಎಣಿಸಿ, ತೋರಿಕೆಗೆ ಮಾತ್ರ ಸೊನ್ನೆಯನ್ನು ಇಟ್ಟುಕೊಂಡಿದ್ದರೆ ಪತ್ರದಲ್ಲಿ 821 ಎಂದು ಬರುತ್ತದೆ. ಅಮೆರಿಕದವರಿಗೆ ಅಂಚೆಯ ಸಂಖ್ಯೆಯಲ್ಲಿಯೂ ಈ ಕಾಟ ಉಂಟು; ಬಾಸ್ಟನ್ ನಗರದ 02108 ಎಂಬುದು 2108 ಆಗಿಬಿಡುತ್ತದೆ. 1972ರಲ್ಲಿ ಜಾರಿಗೆ ಬಂದ ಭಾರತದ ಪಿನ್‌ಕೋಡು ಸೊನ್ನೆಯಿಂದ ಆರಂಭವಾಗುವುದಿಲ್ಲವಾದ್ದರಿಂದ ಇಲ್ಲಿಯವರು ಅಷ್ಟರಮಟ್ಟಿಗೆ ಬದುಕಿದರು.

ದಿನಾಂಕದ ಗೊಂದಲ ಇದಕ್ಕಿಂತ ಅಪಾಯಕರ. ಎಕ್ಸೆಲ್ ಕಡತದಲ್ಲಿ ದಿನಾಂಕವು ಒಂದು ಸಂಖ್ಯೆಯಾಗಿ ಅಡಗಿರುತ್ತದೆ. ವರ್ಡ್ ಅದನ್ನು ಹೊರತೆಗೆದು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತದೆ. ಮೇಲೆ ಹೇಳಿದ ಶಾಲೆಯಲ್ಲಿ ‘ಬಿ’ ವಿಭಾಗದ ಸಭೆ ಆಗಸ್ಟ್ 13ರಂದು ಎಂದಿಟ್ಟುಕೊಂಡರೆ ಪತ್ರದಲ್ಲಿ 8/13 ಎಂದು ಬರುತ್ತದೆ. ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಓದಿದವರು ಏನೋ ತಪ್ಪಾಗಿದೆ ಎಂದು ಊಹಿಸುತ್ತಾರೆ. ‘ಎ’ ವಿಭಾಗದ ಸಭೆ ಆಗಸ್ಟ್ 9ರಂದು. ಪತ್ರದಲ್ಲಿ 8/9. ಇದರಲ್ಲಿ ತಪ್ಪೇನೂ ಕಾಣದು. ಆ ಪೋಷಕರು ಸೆಪ್ಟೆಂಬರ್ 8ರಂದು ಕೂಲಿ ಬಿಟ್ಟು, ಬಸ್ಸು ಹಿಡಿದು, ಒಂದು ತಿಂಗಳ ಹಿಂದೆ ಮುಗಿದುಹೋದ ಸಭೆಗೆ ಬಂದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಯಂತ್ರವು ಮಾಡಿದ ತಪ್ಪಿಗೆ ಪೋಷಕರು ಅಲಕ್ಷ್ಯರೆಂಬ ಮಾತನ್ನು ಕೇಳಬೇಕಾಗುತ್ತದೆ.

ಆಲ್ಟ್ ಮತ್ತು ಎಫ್9 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗುರುತುಗಳ ಒಳರೂಪ ಕಾಣುತ್ತದೆ. ಅಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ವರ್ಡ್‌ಗೆ ಸ್ಪಷ್ಟವಾಗಿ ಆಜ್ಞಾಪಿಸಬಹುದು. ತಿಂಗಳಿಗಾಗಿ ಬರೆಯುವ ಇಂಗ್ಲಿಷಿನ ‘ಎಂ’ ದೊಡ್ಡಕ್ಷರವಾಗಿರಬೇಕು. ಸಣ್ಣಕ್ಷರವಾದರೆ ವರ್ಡ್ ಅದನ್ನು ನಿಮಿಷವೆಂದು ತಿಳಿಯುತ್ತದೆ. ಇದು ಕಷ್ಟವೆನಿಸಿದವರು ಎಕ್ಸೆಲ್‌ನಲ್ಲಿಯೇ ‘ಟೆಕ್ಸ್ಟ್’ ಎಂಬ ಸೂತ್ರದಿಂದ ಬೇರೊಂದು ಕಂಬಸಾಲನ್ನು ಮಾಡಿ, ದಿನಾಂಕವನ್ನು ಅಕ್ಷರರೂಪಕ್ಕೆ ತಂದು, ಪತ್ರಕ್ಕೆ ಆ ಕಂಬಸಾಲನ್ನೇ ಜೋಡಿಸುವುದು ಮೇಲು. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಗಳಿಗೂ ಇದೇ ಮದ್ದು.

ಒಂದೇ ಕಂಬಸಾಲಿನಲ್ಲಿ ಅಂಕಿಯೂ ಅಕ್ಷರವೂ ಬೆರೆತಿದ್ದರೆ ಮತ್ತೊಂದು ವಿಚಿತ್ರ ಸಂಭವಿಸುತ್ತದೆ. ಓದುವ ಯಂತ್ರವು ಸಾಮಾನ್ಯವಾಗಿ ಮೊದಲ ಎಂಟು ಸಾಲುಗಳನ್ನು ನೋಡಿ ಕಂಬಸಾಲಿನ ಸ್ವರೂಪವನ್ನು ನಿರ್ಧರಿಸಿಬಿಡುತ್ತದೆ. ಅವುಗಳಲ್ಲಿ 112, 113 ಎಂಬಂತೆ ಬರಿಯ ಅಂಕಿಗಳಿದ್ದು, ಇಪ್ಪತ್ತನೆಯ ಸಾಲಿನಲ್ಲಿ ‘131/ಬಿ’ ಎಂಬ ಮನೆಯ ಸಂಖ್ಯೆ ಇದ್ದರೆ ಅದು ಪತ್ರದಲ್ಲಿ ಬರುವುದೇ ಇಲ್ಲ. ಆ ಸ್ಥಳ ಖಾಲಿ ಉಳಿಯುತ್ತದೆ ಅಥವಾ ಸೊನ್ನೆಯಾಗುತ್ತದೆ. ಮೊದಲ ನಾಲ್ಕಾರು ಪತ್ರಗಳನ್ನು ಮಾತ್ರ ನೋಡಿ ತೃಪ್ತಿಪಡುವವರಿಗೆ ಇದು ಎಂದೂ ತಿಳಿಯುವುದಿಲ್ಲ.

ಕನ್ನಡದ ಕಚೇರಿಗಳಲ್ಲಿ ಅಕ್ಷರಗಳದೇ ಒಂದು ಪ್ರತ್ಯೇಕ ತೊಂದರೆ. ನುಡಿ ಮೊದಲಾದವುಗಳ ಹಳೆಯ ಅಕ್ಷರಮಾದರಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಅಂಥ ಪಟ್ಟಿಯನ್ನು ಯೂನಿಕೋಡ್ ಪತ್ರಕ್ಕೆ ಜೋಡಿಸಿದರೆ ಪೋಷಕರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ನೆರೆಯುತ್ತದೆ. ಪಟ್ಟಿಯಿಂದ ಬರುವುದು ಅಕ್ಷರಗಳು ಮಾತ್ರ, ಅವುಗಳ ವೇಷವಲ್ಲ. ವೇಷವನ್ನು ಪತ್ರದಲ್ಲಿರುವ ಗುರುತಿಗೆ ತೊಡಿಸಬೇಕು. ತಾತ್ಕಾಲಿಕವಾಗಿ ಗುರುತಿಗೆ ಆ ಹಳೆಯ ಅಕ್ಷರಮಾದರಿಯನ್ನು ಕೊಡಬಹುದು. ಪಟ್ಟಿಯನ್ನೇ ಒಮ್ಮೆ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಮುಂದಿನ ವರ್ಷಗಳ ಕೆಲಸವೂ ಹಗುರವಾಗುತ್ತದೆ. ಯೂನಿಕೋಡ್ ಪಟ್ಟಿಯನ್ನು ಸಾಧಾರಣ ಅಲ್ಪವಿರಾಮದ ಕಡತವಾಗಿ ಉಳಿಸಿದರೂ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡುತ್ತವೆ. ಉಳಿಸುವಾಗ ಯು.ಟಿ.ಎಫ್.-8 ಎಂಬ ಬಗೆಯನ್ನು ಆರಿಸಬೇಕು. ಒಮ್ಮೆ ಪ್ರಶ್ನಾರ್ಥಕವಾಗಿ ಉಳಿದ ಹೆಸರನ್ನು ಆ ಕಡತದಿಂದ ಮತ್ತೆ ಪಡೆಯುವ ಉಪಾಯವಿಲ್ಲ. ಮೂಲ ಪಟ್ಟಿಗೇ ಹಿಂದಿರುಗಬೇಕು.

ಈ ಕಾರಣಗಳಿಂದ ಪತ್ರಗಳನ್ನು ನೇರವಾಗಿ ಮುದ್ರಣಯಂತ್ರಕ್ಕೆ ಕಳುಹಿಸದೆ ಮೊದಲು ಒಂದು ಹೊಸ ಕಡತಕ್ಕೆ ಇಳಿಸಿಕೊಂಡು ಓದಬೇಕು. ಮೊದಲಿನದು, ಕೊನೆಯದು, ನಡುವೆ ಎಂಟನ್ನು ದಾಟಿದ ಕೆಲವು, ಹಾಗೆಯೇ ವಿಭಾಗಕ್ಕೊಂದು. ಇಷ್ಟನ್ನಾದರೂ ಪಟ್ಟಿಯೊಡನೆ ಹೋಲಿಸಿ ನೋಡಬೇಕು. ಆಮೇಲೆ ಪತ್ರಗಳನ್ನು ಎಣಿಸಬೇಕು. ಆ ಶಾಲೆಯ ಎಕ್ಸೆಲ್ ಹಾಳೆಯಲ್ಲಿ ಕಣ್ಣಿಗೆ ಕಾಣುವ ಸಾಲುಗಳು 177; ಸಿದ್ಧವಾದ ಪತ್ರಗಳು 180. ಹೆಚ್ಚಿನ ಮೂರು ಎಲ್ಲಿಂದ ಬಂದವು? ಎಕ್ಸೆಲ್‌ನಲ್ಲಿ ಸೋಸಿ ಮರೆಮಾಡಿದ ಸಾಲುಗಳು ಮರೆಯಾಗುವುದು ನೋಡುವವರ ಕಣ್ಣಿಗೆ ಮಾತ್ರ. ವರ್ಡ್ ಅವುಗಳನ್ನೂ ಓದುತ್ತದೆ. ಆ ಮೂವರಲ್ಲಿ ಇಬ್ಬರು ವರ್ಗಾವಣೆ ಪತ್ರ ಪಡೆದು ಬೇರೆ ಊರಿಗೆ ಹೋದ ಮಕ್ಕಳು. ಮೂರನೆಯ ಹುಡುಗನ ತಂದೆ ಜೂನ್ ತಿಂಗಳಿನಲ್ಲಿ ತೀರಿಕೊಂಡಿದ್ದರು; ತಾಯಿಗೆ ಪ್ರತ್ಯೇಕವಾಗಿ ಬರೆಯಬೇಕೆಂದು ಆ ಸಾಲನ್ನು ಮರೆಮಾಡಲಾಗಿತ್ತು. ಅವರ ಹೆಸರಿಗೇ ‘ತಾವು ತಪ್ಪದೆ ಬರಬೇಕು’ ಎಂಬ ಪತ್ರ ಸಿದ್ಧವಾಗಿ ಕುಳಿತಿದೆ.

ಇಂಥ ಸೋಸುವಿಕೆಯನ್ನು ಎಕ್ಸೆಲ್‌ನಲ್ಲಿ ಅಲ್ಲ, ವರ್ಡ್‌ನ ‘ಎಡಿಟ್ ರೆಸಿಪಿಯೆಂಟ್ ಲಿಸ್ಟ್’ ಎಂಬಲ್ಲಿ ಮಾಡಬೇಕು. ಅಲ್ಲಿ ಹೆಸರಿನ ಮುಂದಿರುವ ಗುರುತನ್ನು ತೆಗೆದರೆ ಆ ಪತ್ರ ಹುಟ್ಟುವುದಿಲ್ಲ. ಎರಡು ಗುರುತುಗಳನ್ನು ತೆಗೆದ ಮೇಲೆ, ಮೂರನೆಯ ಸಾಲಿನಲ್ಲಿ ಪೋಷಕರ ಹೆಸರಿನ ಕೆಳಗೆ ತಾಯಿಯ ಹೆಸರನ್ನು ಬರೆದು, ಕಡತವನ್ನು ಉಳಿಸಿ, ಪತ್ರಗಳನ್ನು ಮತ್ತೊಮ್ಮೆ ಇಳಿಸಿಕೊಳ್ಳಬೇಕು. ಈ ಸಾರಿ ಎಣಿಕೆ 178 ಬರಬೇಕು.