ಸೋತಿದ್ದು ಅಭ್ಯರ್ಥಿ, ಸಂಕಟ ನನಗ್ಯಾಕ?

ಪ್ರಶ್ನೆ: ಲೋಕಸಭಾ ಎಲೆಕ್ಷನ್ ರಿಸಲ್ಟ್ ಬಂದು ಎರಡು ವಾರ ಆತು. ನನಗ ಇನ್ನೂ ಊಟ ರುಚಿ ಹತ್ತವಲ್ದು, ನಿದ್ದಿ ಬರವಲ್ದು. ಬೆಳಗಾವ್ಯಾಗ ಇರೋ ನಮ್ಮ ಸೋದರಮಾವನ ಮಗ ದಿನಾ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಚುಚ್ಚತಾನ; ಅವನ ಕೂಡ ಮಾತು ಬಿಟ್ಟೇನಿ. ನಾನೇನು ಎಲೆಕ್ಷನ್‌ಗೆ ನಿಂತಾಂವ ಅಲ್ಲ, ಯಾವ ಪಕ್ಷದ ಪದಾಧಿಕಾರಿನೂ ಅಲ್ಲ. ಮತ್ತ ಯಾಕ ಇಷ್ಟು ಮನಸಿಗೆ ಹಚ್ಚಿಕೊಂಡೀನಿ?
– ಓದುಗರೊಬ್ಬರು, ಖಾನಾಪುರ

ಉತ್ತರ: ಯಾವ ಪಕ್ಷ ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. 2024ರ ಜೂನ್ 4 ಎರಡೂ ಕಡೆಯವರಿಗೆ ಸಂಕಟ ಹಂಚಿದ ದಿನ. ಬೆಳಗಾವಿಯಲ್ಲಿ ಬಿಜೆಪಿಯ ಜಗದೀಶ ಶೆಟ್ಟರ್ 1,78,437 ಮತಗಳಿಂದ, ನಿಮ್ಮ ಖಾನಾಪುರ ಸೇರಿರುವ ಉತ್ತರ ಕನ್ನಡ ಕ್ಷೇತ್ರದಲ್ಲಿ ಅದೇ ಪಕ್ಷದ ವಿಶ್ವೇಶ್ವರ ಹೆಗಡೆ ಕಾಗೇರಿ 3,37,428 ಮತಗಳಿಂದ ಗೆದ್ದರು. ಅದೇ ದಿನ ದೇಶದಲ್ಲಿ ಆ ಪಕ್ಷ 303 ಸೀಟಿನಿಂದ 240ಕ್ಕೆ ಇಳಿಯಿತು. ಊರಲ್ಲಿ ಗುಲಾಲು ಎರಚಿದವರು ಟಿವಿ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತರು. ಊರಲ್ಲಿ ಸೋತವರು ದೆಹಲಿಯ ಲೆಕ್ಕ ಹಿಡಿದು ಸಮಾಧಾನಪಟ್ಟರು. ನಿಮ್ಮ ಮಾವನ ಮಗ ಯಾವ ಕಡೆಯವನಾದರೂ ಚುಚ್ಚಲು ಅವನಿಗೆ ಸರಕಿಗೇನೂ ಬರವಿರಲಿಲ್ಲ.

ನಿಂತವರಿಗಲ್ಲದೆ ಓಟು ಹಾಕಿದವರಿಗೂ ಸೋಲು ಯಾಕೆ ತಟ್ಟುತ್ತದೆ? 2008ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ರಾತ್ರಿ ಸಂಶೋಧಕರು ಕೆಲವು ಮತದಾರರ ಜೊಲ್ಲನ್ನು ಪರೀಕ್ಷೆಗೆ ತೆಗೆದುಕೊಂಡರು. ಒಬಾಮಾ ಗೆದ್ದ ಸುದ್ದಿ ಬಂದ ಮೇಲೆ, ಎದುರಾಳಿ ಮೆಕೇನ್‌ಗೆ ಓಟು ಹಾಕಿದ್ದ ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನ್ ಕುಸಿದಿತ್ತು. ಅವರಾರೂ ಕಣದಲ್ಲಿ ಇರಲಿಲ್ಲ. ಅಂದರೆ ‘ನಮ್ಮವರು’ ಸೋತದ್ದನ್ನು ಮೈಯೂ ತನ್ನ ಸೋಲೆಂದೇ ಲೆಕ್ಕ ಹಾಕುತ್ತದೆ. ಹೆಂಗಸರಲ್ಲಿ ಆ ಬದಲಾವಣೆ ಕಾಣಲಿಲ್ಲ. ಅವರಿಗೆ ಬೇಜಾರಾಗಲಿಲ್ಲ ಎಂದಲ್ಲ, ಆ ಹಾರ್ಮೋನ್ ಅದನ್ನು ತೋರಿಸಲಿಲ್ಲ ಅಷ್ಟೆ.

ಇನ್ನೊಂದು ಅಧ್ಯಯನ ನಿಮಗೆ ಹೆಚ್ಚು ಉಪಯೋಗದ್ದು. 1994ರಲ್ಲಿ ಟೆಕ್ಸಾಸ್ ರಾಜ್ಯದ ಗವರ್ನರ್ ಚುನಾವಣೆಗೆ ಮುಂಚೆ ಮನೋವಿಜ್ಞಾನಿ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು, ನಿಮ್ಮವರು ಸೋತರೆ ತಿಂಗಳ ನಂತರ ಹೇಗಿರುತ್ತೀರಿ ಎಂದು ಮತದಾರರನ್ನು ಕೇಳಿದ್ದರು. ಬಹಳ ಕುಗ್ಗಿಹೋಗಿರುತ್ತೇವೆ ಅಂದವರು, ಸೋತು ತಿಂಗಳಾದ ಮೇಲೆ ನೋಡಿದರೆ ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದರು. ಈ ನೋವು ಎಷ್ಟು ದಿನ ಇರುತ್ತದೆ ಎಂಬ ನಮ್ಮ ಅಂದಾಜು ಸಾಮಾನ್ಯವಾಗಿ ಜಾಸ್ತಿಯೇ.

ಆದರೂ ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ಅಂದಿರಿ. ಅದನ್ನು ಬರೀ ರಾಜಕೀಯದ ಖಾತೆಗೆ ಬರೆಯಬೇಡಿ. ಖಿನ್ನತೆ ಇದೆಯೇ ಎಂದು ನೋಡುವಾಗ ವೈದ್ಯರು ಹಿಡಿಯುವ ಅಳತೆಯೂ ಎರಡು ವಾರವೇ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. ಒಮ್ಮೆ ಫೋನ್ ಮಾಡಿ.

ಇನ್ನು, ನಿಮ್ಮವರು ಊರಲ್ಲೇ ಸೋತವರಾದರೆ, ಆ ದೊಡ್ಡ ಅಂತರ. ಮೂರೂವರೆ ಲಕ್ಷದ ಹತ್ತಿರ ಅಂದಾಗ ‘ಊರೆಲ್ಲ ಒಂದು ಕಡೆ, ನಾನೊಬ್ಬನೇ ಒಂದು ಕಡೆ’ ಅನ್ನಿಸುತ್ತದೆ. ನಿಜವಾಗಿ ಕೊರೆಯುವುದು ಇದೇ ಎಂದು ನನ್ನ ಅನುಮಾನ. ಆದರೆ ಉತ್ತರ ಕನ್ನಡದಲ್ಲಿ ಸೋತ ಅಂಜಲಿ ನಿಂಬಾಳ್ಕರ್‌ ಅವರಿಗೂ 4,45,067 ಓಟು ಬಿದ್ದಿವೆ. ಸೀಟು ಒಂದೇ ಆದ್ದರಿಂದ ಅಷ್ಟೂ ಜನ ಕಣ್ಣಿಗೆ ಕಾಣುವುದಿಲ್ಲ. ಫಾರ್ಮ್ 20 ಎಂಬ ಪಟ್ಟಿಯಲ್ಲಿ ಬೂತ್‌ವಾರು ಲೆಕ್ಕ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಬೂತಿನ ಸಾಲು ತೆಗೆದು ನೋಡಿ. ನಿಮ್ಮ ಅಭ್ಯರ್ಥಿಯ ಎದುರಿಗಿರುವ ಸಂಖ್ಯೆ ನಿಮ್ಮ ಓಣಿಯವರದೇ, ದಿನಾ ನಿಮಗೆ ನಮಸ್ಕಾರ ಹೇಳುವವರದೇ.

ಅಂತರಗಳೂ ಕಲ್ಲಿನ ಮೇಲೆ ಬರೆದವಲ್ಲ. ಬೆಳಗಾವಿಯಲ್ಲಿ 2019ರಲ್ಲಿ ಸುರೇಶ ಅಂಗಡಿಯವರು 3,91,304 ಮತಗಳಿಂದ ಗೆದ್ದಿದ್ದರು. ಅವರು ತೀರಿಕೊಂಡ ಮೇಲೆ 2021ರ ಉಪಚುನಾವಣೆಯಲ್ಲಿ ಪತ್ನಿ ಮಂಗಲಾ ಅಂಗಡಿಯವರು ಗೆದ್ದದ್ದು ಬರೀ 5,240ರಿಂದ. ಈಗ ಮತ್ತೆ ಒಂದೂ ಮುಕ್ಕಾಲು ಲಕ್ಷ ದಾಟಿದೆ. ಸಿಟ್ಟನ್ನು ಏನು ಮಾಡಬೇಕು ಎಂಬುದಕ್ಕೆ ಈ ಊರು ವಿಚಿತ್ರ ಉತ್ತರವನ್ನೂ ಕೊಟ್ಟಿದೆ: 1996ರಲ್ಲಿ ಗಡಿ ವಿಷಯಕ್ಕೆ ಮಹಾರಾಷ್ಟ್ರ ಏಕೀಕರಣ ಸಮಿತಿ (ಎಂಇಎಸ್) ರಾಶಿ ರಾಶಿ ನಾಮಪತ್ರ ಹಾಕಿಸಿ, ಬೆಳಗಾವಿ ಕಣದಲ್ಲಿ 456 ಅಭ್ಯರ್ಥಿಗಳಾದರು. ಅಂಥ ಅನುಭವಗಳಾದ ಮೇಲೆ 500 ರೂಪಾಯಿ ಇದ್ದ ಠೇವಣಿ 10,000ಕ್ಕೇರಿತು. ಈಗ 25,000, ಆ ದಾರಿ ನಿಮಗೆ ಬೇಡ.

ಕೊನೆಗೆ ಮಾವನ ಮಗ. ಖಾನಾಪುರದವರ ಕೋರ್ಟು-ಕಚೇರಿ, ಆಸ್ಪತ್ರೆ, ಮದುವೆ ಜವಳಿ ಎಲ್ಲ ಬೆಳಗಾವಿಯಲ್ಲಿ. ಲೋಕಸಭೆಯ ಓಟು ಮಾತ್ರ ಉತ್ತರ ಕನ್ನಡಕ್ಕೆ. ಅವನ ಓಟು ಟಿಳಕವಾಡಿಯ ಆರ್‌ಪಿಡಿ ಕಾಲೇಜಿನಲ್ಲಿ ಎಣಿಕೆಯಾಯಿತು, ನಿಮ್ಮದು ಘಟ್ಟ ಇಳಿದು ಕುಮಟಾದಲ್ಲಿ. ನಿಮ್ಮಿಬ್ಬರ ಮುಂದಿದ್ದ ಮತಯಂತ್ರದ ಹೆಸರುಗಳೇ ಬೇರೆ, ಮಾತು ಬಿಟ್ಟದ್ದು ಮಾತ್ರ ಒಬ್ಬರಿಗೊಬ್ಬರು! ಅವನ ಸ್ಟೇಟಸ್ ಮ್ಯೂಟ್ ಮಾಡಿ, ನಂಬರ್ ಬ್ಲಾಕ್ ಮಾಡಬೇಡಿ. ಫೋನ್ ನೀವೇ ಮೊದಲು ಮಾಡಿ. ಮಳೆ, ಭತ್ತ, ಅತ್ತೆಯ ಮೊಣಕಾಲು ನೋವು, ಏನಾದರೂ ಮಾತಾಡಿ. ಅವನೇ ರಿಸಲ್ಟ್ ಎತ್ತಿದರೆ ‘ಅದನ್ನ ಬಿಡಪಾ, ಅಮಾಸಿಗೆ ಊರಿಗೆ ಬರ್ತಿಯೋ ಇಲ್ಲೋ’ ಅನ್ನಿ.