ಬರಹದ ಮೆಟ್ಟಿಲುಗಳು

ಹೊಸಪೇಟೆಯಿಂದ ಹಂಪಿಗೆ ಸಾಗುವ ದಾರಿಯಲ್ಲಿ ಕಡ್ಡಿರಾಂಪುರವೆಂಬ ಊರಿದೆ. ಹಳೆಯ ಕಾಲದ ಎರಡು ಗೋರಿಗಳು ಅಲ್ಲಿವೆ. ಈ ಸೀಮೆಯನ್ನು ಕುರಿತು ಪುಸ್ತಕ ಬರೆಯಹೊರಟ ವಿದ್ಯಾರ್ಥಿಯು ಮೊದಲು ಇಂತಹ ಟಿಪ್ಪಣಿಯೊಂದನ್ನು ಮಾಡಿಕೊಳ್ಳಬಹುದು:

ಹಂಪಿಯ ಸುತ್ತಿನ ಊರುಗಳು
    ಕಡ್ಡಿರಾಂಪುರ
        ಎರಡು ಗೋರಿಗಳು
    ಕಮಲಾಪುರ
        ಕೆರೆ

ಗೋರಿಗಳು ಕಡ್ಡಿರಾಂಪುರಕ್ಕೂ ಕೆರೆ ಕಮಲಾಪುರಕ್ಕೂ ಸೇರಿದುವೆಂಬುದು ನೋಡಿದೊಡನೆ ತಿಳಿಯುತ್ತದೆ. ಗಣಕಯಂತ್ರಕ್ಕಾದರೋ ಇದು ಅಕ್ಷರಗಳ ಸರಮಾಲೆ ಮಾತ್ರ. ಬಿಟ್ಟ ತೆರಪೂ ಅದಕ್ಕೆ ಒಂದು ಅಕ್ಷರವೇ. ಈ ಟಿಪ್ಪಣಿ ಅಚ್ಚಿನ ಪುಸ್ತಕವಾಗಿಯೋ ಜಾಲಪುಟವಾಗಿಯೋ ಮಾರ್ಪಡಬೇಕಾದರೆ ಯಾವುದು ತಲೆಬರಹ, ಯಾವುದು ಅದರ ಒಳಭಾಗ ಎಂಬುದನ್ನು ಒಂದು ಕ್ರಮವಿಧಿ ಮೊದಲು ಗುರುತಿಸಿಕೊಡಬೇಕು.

ಅದು ಕೆಲಸ ಮಾಡುವ ಬಗೆ ಸರಳವಾದುದು. ಪ್ರತಿಯೊಂದು ಸಾಲಿನ ಮುಂದಿನ ತೆರಪುಗಳನ್ನು ಅದು ಎಣಿಸುತ್ತದೆ. ಓದಿದ ಹೆಸರುಗಳನ್ನು ತಟ್ಟೆಗಳಂತೆ ಒಂದರ ಮೇಲೊಂದು ಪೇರಿಸುತ್ತದೆ. ‘ಎರಡು ಗೋರಿಗಳು’ ಎಂಬ ಸಾಲಿನಲ್ಲಿ ಎಂಟು ತೆರಪುಗಳಿವೆ. ಮುಂದಿನ ‘ಕಮಲಾಪುರ’ದಲ್ಲಿ ನಾಲ್ಕೇ. ಆದುದರಿಂದ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ತೆರಪುಗಳುಳ್ಳ ತಟ್ಟೆಗಳನ್ನೆಲ್ಲ, ಎಂದರೆ ಗೋರಿಗಳನ್ನೂ ಕಡ್ಡಿರಾಂಪುರವನ್ನೂ, ತೆಗೆದಿಡುತ್ತದೆ. ಆಗ ಮೇಲೆ ಉಳಿಯುವುದು ಟಿಪ್ಪಣಿಯ ಶೀರ್ಷಿಕೆ. ಕಮಲಾಪುರ ಅದರ ಅಡಿಯಲ್ಲಿ ನಿಲ್ಲುತ್ತದೆ.

ಎಡವುವುದು ಬರೆಯುವವರ ಕೈಯಿಂದ. ಗೋರಿಗಳ ಮುಂದೆ ನಾಲ್ಕು ತೆರಪು ಕಡಮೆಯಾದರೆ ಗೋರಿಗಳೇ ಒಂದು ಊರಾಗಿಬಿಡುತ್ತವೆ! ಒಬ್ಬರು ತೆರಪಿನ ಕೀಲಿಯನ್ನೂ ಇನ್ನೊಬ್ಬರು ಟ್ಯಾಬ್ ಕೀಲಿಯನ್ನೂ ಒತ್ತಿದರೆ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇಂತಹ ಕಡೆ ಊಹಿಸಿ ಮುಂದುವರಿಯುವ ಕ್ರಮವಿಧಿಗಿಂತ, ಇಂತಿಷ್ಟನೆಯ ಸಾಲಿನಲ್ಲಿ ಸಂದೇಹವಿದೆಯೆಂದು ತಿಳಿಸಿ ನಿಲ್ಲುವ ಕ್ರಮವಿಧಿಯೇ ಲೇಸು. ಏಕೆಂದರೆ ನಷ್ಟ ಅಂದಗೆಡುವುದಷ್ಟೇ ಅಲ್ಲ. ದೃಷ್ಟಿಯಿಲ್ಲದ ಓದುಗರು ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ, ಒಂದು ಕೀಲಿಯನ್ನೊತ್ತಿ ತಲೆಬರಹದಿಂದ ತಲೆಬರಹಕ್ಕೆ ಸಾಗುತ್ತಾರೆ. ತಲೆಬರಹದ ಗುರುತು ಅಳಿದುಹೋದರೆ, ಕಮಲಾಪುರದ ಕೆರೆಯ ವಿಷಯ ಬೇಕಾದವರು ಪುಸ್ತಕವನ್ನು ಮೊದಲಿನಿಂದ ಕೇಳುತ್ತ ಕುಳಿತುಕೊಳ್ಳಬೇಕು.

ತೆರಪಿನ ಬದಲು ಕಾಣುವ ಗುರುತುಗಳನ್ನು ಬಳಸುವುದೂ ಉಂಟು. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ‘ಮಾರ್ಕ್‌ಡೌನ್’ ಎಂಬ ಕ್ರಮದಲ್ಲಿ ಸಾಲಿನ ಮೊದಲಿಗೆ ಇಡುವ # ಗುರುತುಗಳ ಎಣಿಕೆಯೇ ತಲೆಬರಹದ ಅಂತಸ್ತನ್ನು ಹೇಳುತ್ತದೆ. ಇಂತಹ ಬರಹವನ್ನು ಹಲವು ರೂಪಗಳಿಗೆ ಮಾರ್ಪಡಿಸುವ ‘ಪ್ಯಾನ್‌ಡಾಕ್’ ತಂತ್ರಾಂಶವನ್ನು 2006ರಲ್ಲಿ ಹೊರತಂದವರು ಜಾನ್ ಮೆಕ್‌ಫಾರ್ಲೇನ್. ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರೆಂಬುದು ಸ್ವಾರಸ್ಯದ ಸಂಗತಿ.

ಗುರುತುಗಳಿಂದಲೂ ತೊಡಕು ತಪ್ಪದು. ಹಂಪಿಯ ಚರಿತ್ರೆಯನ್ನು ಬರೆಯುವವರು ಹೊಸ ವಾಕ್ಯವೃಂದವನ್ನು “1565. ವಿಜಯನಗರದ ಪಾಲಿಗೆ ಅದು ಕೇಡಿನ ವರ್ಷ” ಎಂದು ತೊಡಗಿದರೆ, ಅಂಕಿ ಮತ್ತು ಚುಕ್ಕಿಗಳನ್ನು ಕಂಡ ಮಾರ್ಕ್‌ಡೌನ್ ಅದನ್ನು ಪಟ್ಟಿಯೊಂದರ ಅಂಶವೆಂದು ತಿಳಿಯುತ್ತದೆ. ಇದನ್ನು ತಪ್ಪಿಸಲು ಚುಕ್ಕಿಯ ಹಿಂದೆ ಒಂದು ಓರೆಗೆರೆಯನ್ನು ಇಡಬೇಕು. ಇದಕ್ಕೆ ತಿರುಗುಮುರುಗಾದ ತೊಡಕು ಕನ್ನಡದ ಅಂಕಿಗಳದು. 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಬಲ್ಲ ಕ್ರಮವಿಧಿಗೆ ೧, ೨, ೩ ಎಂದು ಒಪ್ಪವಾಗಿ ಬರೆದ ಪಟ್ಟಿಯೂ ಪಟ್ಟಿಯೆಂದು ತೋರದು. ಕನ್ನಡದ ಬರಹಕ್ಕಾಗಿ ಕ್ರಮವಿಧಿಯನ್ನು ರಚಿಸುವವರು ಈ ಹತ್ತು ಅಂಕಿಗಳನ್ನೂ ಅದರ ನಿಯಮದಲ್ಲಿ ಸೇರಿಸಬೇಕಾಗುತ್ತದೆ.