ಚಿತ್ರದ ಗುಣಕ್ಕೊಂದು ಅಳತೆಗೋಲು

ದೂರದ ಊರಿನಿಂದ ಬಂದ ಎಲುಬಿನ ಕ್ಷಕಿರಣಚಿತ್ರವೊಂದನ್ನು ವೈದ್ಯರು ಗಣಕಯಂತ್ರದ ತೆರೆಯ ಮೇಲೆ ಪರೀಕ್ಷಿಸುತ್ತಿರುವರೆಂದು ಭಾವಿಸೋಣ. ಬೇಗನೆ ಕಳುಹಿಸುವ ಸಲುವಾಗಿ ಆ ಚಿತ್ರವನ್ನು ಸಂಕುಚಿತಗೊಳಿಸಿದ್ದಾರೆ. ಅಂದರೆ ಅದರ ವಿವರಗಳಲ್ಲಿ ಕೆಲವನ್ನು ಕೈಬಿಟ್ಟಿದ್ದಾರೆ. ಹಾಗೆ ಕೈಬಿಟ್ಟವುಗಳಲ್ಲಿ ಕೂದಲೆಳೆಯಂಥ ಬಿರುಕೊಂದು ಸೇರಿದ್ದರೆ ರೋಗಿಯ ಗತಿಯೇನು? ಆದುದರಿಂದ ಮೂಲಚಿತ್ರಕ್ಕೂ ಅದರ ಪ್ರತಿಗೂ ಇರುವ ಭೇದವನ್ನು ಅಳೆಯಲು ನಂಬತಕ್ಕ ಮಾನವೊಂದು ಬೇಕು.

ಅಂಕೀಯ ಚಿತ್ರವೆಂಬುದು ಸಂಖ್ಯೆಗಳ ಪಟ್ಟಿಯಷ್ಟೆ. ಕಪ್ಪು-ಬಿಳುಪು ಚಿತ್ರದ ಪ್ರತಿಯೊಂದು ಬಿಂದುವಿಗೂ, ಎಂದರೆ ಪಿಕ್ಸೆಲಿಗೂ, ಸಾಮಾನ್ಯವಾಗಿ ಸೊನ್ನೆಯಿಂದ ೨೫೫ರವರೆಗಿನ ಒಂದು ಸಂಖ್ಯೆಯಿರುವುದು. ಸೊನ್ನೆ ಕಡುಗಪ್ಪು, ೨೫೫ ಅಚ್ಚ ಬಿಳುಪು. ಎರಡು ಚಿತ್ರಗಳಲ್ಲಿ ಒಂದೇ ಸ್ಥಾನದಲ್ಲಿರುವ ಬಿಂದುಗಳ ವ್ಯತ್ಯಾಸವನ್ನು ಕಂಡುಹಿಡಿದು, ಅದನ್ನು ವರ್ಗಮಾಡಿ, ಎಲ್ಲ ವರ್ಗಗಳ ಸರಾಸರಿಯನ್ನು ತೆಗೆದರೆ ‘ಸರಾಸರಿ ವರ್ಗದೋಷ’ವು ದೊರೆಯುವುದು. ಬಹುಕಾಲದಿಂದ ಬಳಕೆಯಲ್ಲಿರುವ ಸುಲಭವಾದ ಅಳತೆಯಿದು.

ಈ ಅಳತೆಯನ್ನು ಪರೀಕ್ಷಿಸಿ ನೋಡೋಣ. ಮೂಲಚಿತ್ರದ ನಾಲ್ಕು ಬಿಂದುಗಳು ೧೦೦, ೧೧೦, ೧೨೦, ೧೩೦ ಎಂದಿರಲಿ. ಮೊದಲನೆಯ ಪ್ರತಿಯಲ್ಲಿ ಅವು ೧೧೦, ೧೨೦, ೧೩೦, ೧೪೦ ಆಗಿವೆ. ಎರಡನೆಯದರಲ್ಲಿ ೧೧೦, ೧೦೦, ೧೩೦, ೧೨೦ ಆಗಿವೆ. ಎರಡರಲ್ಲಿಯೂ ಪ್ರತಿಯೊಂದು ಬಿಂದುವಿನ ದೋಷ ೧೦. ಸರಾಸರಿ ವರ್ಗದೋಷ ೧೦೦. ಆದರೆ ಮೊದಲನೆಯದು ತುಸು ಬೆಳಗಿದೆಯೇ ಹೊರತು ಬಿಂದುಗಳ ಏರಿಕೆಯ ಕ್ರಮ ಕೆಟ್ಟಿಲ್ಲ. ಎರಡನೆಯದರಲ್ಲಿ ಕ್ರಮವೇ ತಪ್ಪಿಹೋಗಿದೆ. ಕಣ್ಣು ಮೊದಲನೆಯದನ್ನು ಕ್ಷಮಿಸುವುದು, ಎರಡನೆಯದನ್ನು ಕ್ಷಮಿಸದು. ಅಳತೆಗೋಲಿಗೆ ಮಾತ್ರ ಎರಡೂ ಒಂದೇ!

ಇದಕ್ಕೆ ಕಾರಣವು ನಮ್ಮ ದೃಷ್ಟಿಯ ಸ್ವಭಾವದಲ್ಲಿದೆ. ಕತ್ತಲೆಯ ಕೋಣೆಯಲ್ಲಿ ಹಚ್ಚಿದ ಹಣತೆ ಎದ್ದು ಕಾಣುವುದು. ಹಗಲಿನ ಬಿಸಿಲಿನಲ್ಲಿ ಅದೇ ಹಣತೆ ಉರಿಯುತ್ತಿದೆಯೋ ಇಲ್ಲವೋ ತಿಳಿಯದು. ಬೆಳಕಿನ ಹೆಚ್ಚಳಕ್ಕಿಂತ, ಮೊದಲೇ ಇದ್ದ ಬೆಳಕಿಗೂ ಆ ಹೆಚ್ಚಳಕ್ಕೂ ಇರುವ ಪ್ರಮಾಣವೇ ಕಣ್ಣಿಗೆ ಮುಖ್ಯ. ಜರ್ಮನಿಯ ವೇಬರನ ಹೆಸರಿನಿಂದ ಪ್ರಸಿದ್ಧವಾದ ನಿಯಮವಿದು. ಅಲ್ಲದೆ, ನಿರ್ಮಲವಾದ ಆಕಾಶದ ಮೇಲೆ ಬಿದ್ದ ಚುಕ್ಕೆ ಥಟ್ಟನೆ ಕಾಣುವುದು. ದಟ್ಟವಾದ ಎಲೆಗಳ ನಡುವೆ ಅದೇ ಚುಕ್ಕೆ ಅಡಗಿಹೋಗುವುದು.

ಈ ಸ್ವಭಾವಗಳನ್ನು ಗಣಿತಕ್ಕೆ ಅಳವಡಿಸಿ ೨೦೦೪ರಲ್ಲಿ ಝೋ ವಾಂಗ್, ಅಲನ್ ಬೋವಿಕ್, ಹಮೀದ್ ಶೇಖ್ ಮತ್ತು ಈರೋ ಸಿಮೊನ್ಚೆಲ್ಲಿ ಎಂಬುವರು ‘ರಚನಾಸಾಮ್ಯ ಸೂಚಕ’ವನ್ನು ಪ್ರಕಟಿಸಿದರು. ಚಿತ್ರದ ಒಂದೊಂದು ಸಣ್ಣ ಭಾಗದಲ್ಲಿಯೂ ಇದು ಮೂರು ಸಂಗತಿಗಳನ್ನು ಹೋಲಿಸುವುದು: ಸರಾಸರಿ ಬೆಳಕು, ಬೆಳಕು-ನೆರಳುಗಳ ಅಂತರ, ರಚನೆ. ಮೂರನ್ನೂ ಗುಣಿಸಿದಾಗ ಬರುವ ಫಲವು ೧ ಆದರೆ ಸಾಮ್ಯವು ಪೂರ್ಣ.

ನಮ್ಮ ಉದಾಹರಣೆಗೆ ಮರಳೋಣ. ಸೂತ್ರದಲ್ಲಿ ಭಾಜಕವು ಸೊನ್ನೆಯಾಗದಂತೆ ಸೇರಿಸುವ ಸಣ್ಣ ಸ್ಥಿರಾಂಕಗಳನ್ನು ಸದ್ಯಕ್ಕೆ ಬಿಡೋಣ. ಮೊದಲನೆಯ ಪ್ರತಿಯ ಸರಾಸರಿ ೧೧೫ರಿಂದ ೧೨೫ಕ್ಕೆ ಏರಿದೆ. ಎರಡು ಸರಾಸರಿಗಳ ಗುಣಲಬ್ಧದ ಇಮ್ಮಡಿಯನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಸುಮಾರು ೦.೯೯೭ ಬರುವುದು, ಉಳಿದೆರಡು ಅಂಶಗಳು ೧. ಎರಡನೆಯ ಪ್ರತಿಯಲ್ಲಿ ಬೆಳಕೂ ಅಂತರವೂ ಬದಲಾಗಿಲ್ಲ. ಆದರೆ ರಚನೆಯನ್ನು ಸೂಚಿಸುವ ಸಹಸಂಬಂಧ ಗುಣಾಂಕವು ೦.೬ಕ್ಕೆ ಇಳಿದಿದೆ. ಕಣ್ಣಿನ ತೀರ್ಪೂ ಲೆಕ್ಕದ ತೀರ್ಪೂ ಈಗ ಒಂದಾದುವು. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬೇಕು.

ಹಾಗಾದರೆ ನಮ್ಮ ರೋಗಿಯು ನಿಶ್ಚಿಂತನಾಗಿರಬಹುದೆ? ಚಿತ್ರದಲ್ಲಿ ೧೦ ಲಕ್ಷ ಬಿಂದುಗಳಿದ್ದು, ಬಿರುಕು ಕೇವಲ ೧೦೦ ಬಿಂದುಗಳಲ್ಲಿ ಇದ್ದಿತೆನ್ನೋಣ. ಅದು ಅಳಿಸಿಹೋಗಿ, ಆ ಬಿಂದುಗಳಲ್ಲಿ ತಲಾ ೩೦ರ ದೋಷ ಬಂದಿದ್ದರೂ ಸರಾಸರಿ ವರ್ಗದೋಷವು ೦.೦೯ ಮಾತ್ರ. ರಚನಾಸಾಮ್ಯವನ್ನೂ ಇಡೀ ಚಿತ್ರಕ್ಕೆ ಸರಾಸರಿ ಮಾಡಿದರೆ ಅದು ಹೆಚ್ಚೇನೂ ಇಳಿಯದು. ಆದರೆ ಅದನ್ನು ಭಾಗಭಾಗವಾಗಿ ನಕ್ಷೆಯಂತೆ ಬಿಡಿಸಿದರೆ, ರಚನೆ ಕೆಟ್ಟ ಸ್ಥಳವು ಅಲ್ಲಿ ಕಾಣಿಸಿಕೊಳ್ಳುವುದು.

ಸರಾಸರಿಯು ಒಟ್ಟು ಸಂಗತಿಯನ್ನು ಹೇಳುವುದು, ಬಿರುಕಿನ ಸಂಗತಿಯನ್ನು ಹೇಳದು. ಯಾವ ಅಳತೆಯನ್ನಾದರೂ ಬಳಸುವ ಮೊದಲು, ಅದು ಏನನ್ನು ಅಳೆಯುತ್ತದೆ, ಏನನ್ನು ಮರೆಸುತ್ತದೆ ಎಂಬೆರಡನ್ನೂ ನಾವು ಅರಿತಿರಬೇಕು.